ಸರ್ ಕುಡಿದ ನೀರು

ಮೊನ್ನೆ ಅಡಿಗೆಮನೆಯಲ್ಲಿ ನೀರು ಶುದ್ಧ ಮಾಡುವ ಮಷೀನು ಕೆಟ್ಟಿತು. ರಿಪೇರಿಗೆ ಬಂದಾತ ಅದರ ಮೇಲಿನ ನಲ್ಲಿಗೆ ಕಟ್ಟಿದ್ದ ಬಟ್ಟೆಯನ್ನು ನೋಡಿ ಮುಸಿಮುಸಿ ನಕ್ಕ. ಇಷ್ಟು ದುಬಾರಿ ಮಷೀನು ಇಟ್ಟುಕೊಂಡು ಈ ಚಿಂದಿ ಯಾಕೆ ಅನ್ನುವುದು ಅವನ ಪ್ರಶ್ನೆ. ನಮ್ಮ ಸೊಸೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಅವಳೂ ಇದನ್ನೇ ಕೇಳಿ ಕೇಳಿ ಸಾಕಾಗಿ ಬಿಟ್ಟವಳು. ಆತ ಗಂಟು ಬಿಚ್ಚಿ ಬಟ್ಟೆಯನ್ನು ನನ್ನ ಕೈಗಿಟ್ಟ. ಹಳೆಯ ಧೋತರದ ತುಂಡು, ಮಡಿಕೆಯ ಮೇಲೆ ಮಡಿಕೆ, ತೊಯ್ದು ತಣ್ಣಗಿತ್ತು. ಮೂಗಿನ ಹತ್ತಿರ ತಂದೆ. ತೊಯ್ದ ಹತ್ತಿಬಟ್ಟೆಗೆ ಒಂದು ವಾಸನೆ ಇರುತ್ತದೆ... ಮಣ್ಣಿನ ಹರವಿಯ ಬಾಯಿಗೆ ಮುಖ ಇಟ್ಟಂತೆ. ಆ ವಾಸನೆ ಬಂದರೆ ನನಗೆ ಸರ್ ನೆನಪಾಗುತ್ತಾರೆ. ನೆನಪಾದ ಕೂಡಲೇ ಸಿಟ್ಟು ಬರುತ್ತದೆ. ಐವತ್ತು ವರ್ಷವಾಗುತ್ತ ಬಂತು, ಆ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಟಿಕೋಟಾದ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದರು. ನನ್ನ ಊರು ಬಬಲೇಶ್ವರದ ಆಚೆ, ಜೈನಾಪುರದ ಹಾದಿಯಲ್ಲಿ. ನಾನು ಟಿಕೋಟಾದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಸರ್ ಅದೇ ಊರಿನ ದೊಡ್ಡ ಮನೆತನದವರು. ಆದರೂ ಮೈಕ್ರೋಸ್ಕೋಪಿನಲ್ಲಿ ಕಣ್ಣಿಡಲು ಹುಡುಗರನ್ನು ಸಾಲಾಗಿ ನಿಲ್ಲಿಸುವಾಗ ಊರ ಹೊರಗಿನ ಕೇರಿಯಿಂದ ಬಂದ ನಮ್ಮನ್ನು ಕಡೆಗೆ ನಿಲ್ಲಿಸುತ್ತಿರಲಿಲ್ಲ. ಶಾಲೆಯಲ್ಲಿ ಇದ್ದದ್ದು ಒಂದೇ ಮೈಕ್ರೋಸ್ಕೋಪು. ಅದನ್ನು ಅವರು ಮನೆಯ ದೇವರಿಗಿಂತ ಹೆಚ್ಚು ಒರೆಸುತ್ತಿದ್ದರು ಎಂದು ಉಳಿದ ಮಾಸ್ತರರು ಚೇಷ್ಟೆ ಮಾಡುತ್ತಿದ್ದರು.

ನಾನು ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆಂದು ಧಾರವಾಡಕ್ಕೆ ಹೋದೆ. ಮೊದಲ ದಿನ ಕ್ಲಾಸಿನಲ್ಲಿ ಕುಳಿತಿದ್ದೇನೆ, ಬಾಗಿಲಲ್ಲಿ ಸರ್! ಹಳೆಯ ಅಭ್ಯಾಸ, ದಡಕ್ಕನೆ ಎದ್ದು ನಿಂತೆ. ನಾನು ಎದ್ದದ್ದು ನೋಡಿ ಇವರೇ ಪ್ರೊಫೆಸರು ಎಂದುಕೊಂಡು ಇಡೀ ಕ್ಲಾಸೇ ಎದ್ದು ನಿಂತಿತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದ ಮನುಷ್ಯ ನಾಚಿಕೊಂಡು ಕೈಯಲ್ಲೇ ಕೂಡಿರಿ ಕೂಡಿರಿ ಎಂದು ಸನ್ನೆ ಮಾಡುತ್ತ ಬಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತರು. ಕಲಿಸಿದ ಮಾಸ್ತರೂ ಕಲಿತ ಹುಡುಗನೂ ಒಂದೇ ಬೆಂಚು. ಅವತ್ತಿನಿಂದ ಊಟವೂ ಒಂದೇ ಖಾನಾವಳಿಯಲ್ಲಿ.

ಎಷ್ಟೋ ವರ್ಷಗಳಿಂದ ಅರ್ಜಿ ಹಾಕುತ್ತಲೇ ಇದ್ದರಂತೆ. ಕಡೆಗೆ ಶಾಲೆಯ ಆಡಳಿತದವರು ಎರಡು ವರ್ಷ ರಜೆ ಕೊಟ್ಟರು, ಅದೂ ಒಮ್ಮೆ ಮಾತ್ರ ಎಂಬ ಷರತ್ತಿನ ಮೇಲೆ. ಎಂ.ಎಸ್ಸಿ. ಆದರೆ ವಿಜಾಪುರದ ಕಾಲೇಜೊಂದರಲ್ಲಿ ಕೆಲಸ ಕೊಡುತ್ತೇವೆ ಎಂದು ಅಲ್ಲಿಯವರು ಬಾಯಿಮಾತು ಕೊಟ್ಟಿದ್ದರು. ಈಗಿನ ವಿಜಯಪುರವನ್ನು ಆಗ ನಾವೆಲ್ಲ ವಿಜಾಪುರ ಎನ್ನುತ್ತಿದ್ದೆವು. ಆ ಮನುಷ್ಯನಿಗೆ ಮಕ್ಕಳಿರಲಿಲ್ಲ, ಹೆಂಡತಿ ತೀರಿಕೊಂಡಿದ್ದರು. ಬದುಕಿನಲ್ಲಿ ಅವರು ಆಸೆಪಟ್ಟು ಕೇಳಿದ್ದು ಆ ಪದವಿ ಒಂದನ್ನೇ.

ಎರಡನೆಯ ವರ್ಷ ಪ್ರಬಂಧ ಬರೆಯಬೇಕಿತ್ತು. ಉಳಿದವರೆಲ್ಲ ಕಪ್ಪೆ, ಮೀನು, ಜಿರಳೆ ಎಂದು ಸುಲಭದ್ದನ್ನು ಆರಿಸಿಕೊಂಡರು. ಸರ್ ಆರಿಸಿಕೊಂಡದ್ದು ನಾರುಹುಣ್ಣು.

ಈಗಿನವರಿಗೆ ಅದು ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ದಾರದಷ್ಟು ತೆಳ್ಳಗಿನ ಹುಳ, ಮೊಳಕ್ಕಿಂತ ಉದ್ದ. ಕಾಲಿನಲ್ಲಿ ಗುಳ್ಳೆ ಎಬ್ಬಿಸಿ ತಲೆ ಹೊರಗೆ ಹಾಕುತ್ತದೆ. ಉರಿ ತಾಳಲಾರದೆ ಮನುಷ್ಯ ಕಾಲನ್ನು ನೀರಿಗೆ ಇಡುತ್ತಾನೆ, ಆಗ ಹುಳ ಆ ನೀರಿನಲ್ಲಿ ಮರಿ ಬಿಡುತ್ತದೆ. ಆ ಮರಿಗಳನ್ನು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಒಕ್ಕಣ್ಣಿನ ಪುಟ್ಟ ಜೀವಿ ತಿನ್ನುತ್ತದೆ. ಆ ಜೀವಿಯನ್ನು ನೀರಿನ ಜೊತೆ ಕುಡಿದವರ ಮೈಯಲ್ಲಿ ಹುಳ ಸದ್ದಿಲ್ಲದೆ ಬೆಳೆದು, ಹೆಚ್ಚುಕಡಿಮೆ ಒಂದು ವರ್ಷಕ್ಕೆ ಹೊರಗೆ ಬರುತ್ತದೆ. ಔಷಧ ಇಲ್ಲ. ತಲೆ ಹಾಕಿದ ಹುಳವನ್ನು ಕಡ್ಡಿಗೆ ಸುತ್ತಿ, ದಿನಾ ಒಂದಿಷ್ಟೇ ಎಳೆದು ಸುತ್ತುತ್ತ ಹೋಗಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಒಳಗೆ ಉಳಿದದ್ದು ಕೊಳೆತು ಕಾಲೇ ಹೋಗಬಹುದು.

ನಮ್ಮ ಊರಿನಲ್ಲಿ ಎರಡು ಬಾವಿ. ಊರವರದ್ದು ಗಡಗಡಿ ಹಾಕಿ ಸೇದುವ ಬಾವಿ. ಅದರ ಹತ್ತಿರ ನಾವು ಸುಳಿಯುವ ಹಾಗಿರಲಿಲ್ಲ. ನಮ್ಮ ಕೇರಿಗೆ ಇದ್ದದ್ದು ಪಾವಟಿಗೆ ಇಳಿದು, ಮೊಣಕಾಲವರೆಗೆ ನೀರಿನಲ್ಲಿ ನಿಂತು ಕೊಡ ತುಂಬಿಕೊಳ್ಳುವ ಹಳೆಯ ಮೆಟ್ಟಿಲಬಾವಿ. ಸೇದುವ ಬಾವಿಗೆ ಯಾರ ಕಾಲೂ ತಾಗುವುದಿಲ್ಲ, ಹಾಗಾಗಿ ಊರಿನಲ್ಲಿ ನಾರು ಇಲ್ಲ. ಮೆಟ್ಟಿಲಬಾವಿಯಲ್ಲಿ ಎಲ್ಲರ ಕಾಲೂ ನೀರಿನಲ್ಲಿ, ಹಾಗಾಗಿ ಕೇರಿಯಲ್ಲಿ ಪ್ರತಿ ಬೇಸಿಗೆ ಮನೆಗೊಬ್ಬರು ಹಗ್ಗದ ಹೊರಸಿನ ಮೇಲೆ ಮಲಗಿರುತ್ತಿದ್ದರು. ನಾವು ಬುದ್ಧನ ಫೋಟೋ ಮನೆಯಲ್ಲಿಟ್ಟು ಬೌದ್ಧರಾಗಿ ವರ್ಷಗಳೇ ಆಗಿದ್ದವು. ಬಾವಿ ಮಾತ್ರ ಬದಲಾಗಿರಲಿಲ್ಲ. ಶಾಲೆಯಲ್ಲಿದ್ದಾಗ ನಾನೊಮ್ಮೆ, ನಾರು ಜಾತಿ ನೋಡಿ ಬರುತ್ತದಾ ಸರ್ ಎಂದು ಕೇಳಿದ್ದೆ. ಆಗ ಅವರು ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನು ಅಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು ತಿರುಗಿದ್ದಾರೆ ಎಂದು ನನಗೆ ತಿಳಿದದ್ದು ಅವರು ಪ್ರಬಂಧದ ವಿಷಯ ಹೇಳಿದಾಗ.

ಪ್ರೊಫೆಸರರು ಮುಖ ಗಂಟು ಹಾಕಿಕೊಂಡು, ನೀವು ಓದಲು ಬಂದದ್ದು ಪ್ರಾಣಿಶಾಸ್ತ್ರವೋ ಸಮಾಜಶಾಸ್ತ್ರವೋ ಎಂದು ಕೇಳಿದರು. ಸರ್ ಹೊರಗೆ ಬಂದು ನನಗೆ ಹೇಳಿದರು:

"ಹುಳದ ಹೊಟ್ಟಿ ಸೀಳಿ ಚಿತ್ರಾ ತಗದ್ರ ಹುಳ ತಿಳೀತು ಅಂತಲ್ಲ ತಮ್ಮಾ. ಬಾವಿ, ಪಾವಟಿಗಿ, ಕೊಡ, ಕಾಲು... ಎಲ್ಲಾ ಕೂಡೇ ನೋಡಬೇಕು. ಒಂದನ್ನ ಬಿಟ್ಟು ಒಂದು ತಿಳಿಯೂದಿಲ್ಲ."

ಈಗ ಅದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟು, ಬೇರೆಯೇ ವಿಭಾಗ ತೆರೆದು ಪದವಿ ಕೊಡುತ್ತಾರೆ. ಆಗ ಹಾಗೆ ಮಾತಾಡುವವನನ್ನು ಅರೆಹುಚ್ಚ ಎನ್ನುತ್ತಿದ್ದರು.

ಮೊದಲ ವರ್ಷದ ಪರೀಕ್ಷೆ ಮುಗಿಸಿ ಬಂದ ಬೇಸಿಗೆಯಲ್ಲಿ, ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಸರ್ ನಮ್ಮ ಕೇರಿಗೆ ಮೊದಲ ಸಲ ಬಂದರು. ಬಿಸಿಲು ನೆತ್ತಿ ಸುಡುತ್ತಿತ್ತು. ಮೊದಲು ಬಾವಿಗೆ ಇಳಿದೆವು. ನೀರು ತಳ ಕಂಡಿತ್ತು. ಗಾಜಿನ ನಳಿಕೆಯಲ್ಲಿ ಒಂದಿಷ್ಟು ನೀರು ಹಿಡಿದು, ಸೂರ್ಯನಿಗೆ ಅಡ್ಡ ಹಿಡಿದು, ನೋಡು ಎಂದು ನನಗೆ ತೋರಿಸಿದರು. ಬಿಳಿ ಚುಕ್ಕೆಗಳು ಪಟಪಟ ಜಿಗಿಯುತ್ತಿದ್ದವು. ಅಷ್ಟೊಂದು ಇರುತ್ತವೆ ಎಂದು ಅವರೂ ಅಂದುಕೊಂಡಿರಲಿಲ್ಲ. ಖುಷಿಯಲ್ಲಿದ್ದರು, ಪ್ರಬಂಧಕ್ಕೆ ಬೇಕಾದದ್ದು ಕೈಗೆ ಸಿಕ್ಕ ಖುಷಿ.

ಅಲ್ಲಿಂದ ನಮ್ಮ ಮನೆಗೆ ಬಂದೆವು. ಅವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ಕಂದಾಯದ ತಲಾಠಿಯೋ ಮತ್ತೊಬ್ಬರೋ ಊರ ಕಡೆಯ ಮನುಷ್ಯ ಕೆಲಸದ ಮೇಲೆ ಕೇರಿಗೆ ಬಂದರೆ ನಮ್ಮಲ್ಲಿ ಒಂದು ರೂಢಿ ಇತ್ತು. ಅವರಿಗೆ ನಾವು ನೀರು ಕೊಡುತ್ತಿರಲಿಲ್ಲ. ಕೊಟ್ಟರೆ ಅವರು ಕುಡಿಯಲಾರರು, ಕುಡಿಯದಿದ್ದರೆ ನಮಗೂ ಅವರಿಗೂ ಮುಜುಗರ. ಅದಕ್ಕೆ ಊರ ಹೋಟೆಲಿನವನಿಗೆ ಹೇಳಿಬಿಡುವುದು. ಅವನು ತನ್ನ ಕೈಯಾರೆ ಚಹಾ ತಂದು ಕೇರಿಯ ಬಾಯಲ್ಲಿ ಅವರಿಗೆ ಕೊಟ್ಟು, ತನ್ನ ಕಪ್ಪು ತಾನೇ ಒಯ್ಯುತ್ತಿದ್ದ. ದುಡ್ಡು ಮಾತ್ರ ನಮ್ಮದು. ಅವ್ವ ಅದೇ ರೂಢಿಯಂತೆ ನನಗೆ ಕಣ್ಣಲ್ಲೇ ಹೋಗು ಎಂದಳು. "ತಡ್ರಿ ಮಾಸ್ತರ, ಚಾ ತರಿಸ್ತೀನಿ" ಎಂದಳು.

ಸರ್ ತಲೆ ಎತ್ತಿದರು.

"ಚಾ ಬ್ಯಾಡ್ರಿ ಅವ್ವಾರ. ಬಿಸಲಾಗ ಬಂದೇನಿ, ನೀರ ಕೊಡ್ರಿ."

ನಮ್ಮವ್ವನಿಗೆ ಬಹುವಚನ ಹಚ್ಚಿ ಮಾತಾಡಿದ ಮೊದಲ ಊರ ಮನುಷ್ಯ ಅವರು. ಅವ್ವ ಗಡಬಡಿಸಿದಳು. ಒಳಗೆ ಹೋಗಿ ತಂಬಿಗೆಯನ್ನು ಬೂದಿ ಹಚ್ಚಿ ತಿಕ್ಕಿದ ಸದ್ದು ಕೇಳಿಸಿತು. ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಎರಡೂ ಕೈಯಲ್ಲಿ ತಂದು ಕೊಟ್ಟಳು. ಸರ್ ಪಕ್ಕದಲ್ಲೇ ಅವರ ಚೀಲ ಇತ್ತು, ಚೀಲದಲ್ಲಿ ನೀರು ಸೋಸುವ ತೆಳುಬಟ್ಟೆ ಇತ್ತು. ತಂಬಿಗೆಯಲ್ಲಿ ಏನಿದೆ ಎಂದು ಆ ಜಿಲ್ಲೆಯಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಅವ್ವ ಎದುರಿಗೆ ನಿಂತು ಅವರ ಕೈಯನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಂಬಿಗೆ ಎತ್ತಿ ಗಟಗಟ ಕುಡಿದುಬಿಟ್ಟರು. ಖಾಲಿ ತಂಬಿಗೆಯನ್ನು ಕೆಳಗಿಟ್ಟು ಮೀಸೆ ಒರೆಸಿಕೊಂಡರು.

ಬಬಲೇಶ್ವರದ ಕಡೆ ನಡೆಯುವಾಗ ನಾನು ಸುಮ್ಮನಿರಲಿಲ್ಲ. ನಿಮಗೆ ತಲೆ ಕೆಟ್ಟಿದೆಯಾ ಎಂದು ಕೇಳಿಯೇಬಿಟ್ಟೆ. ಹೋಟೆಲ್ ಚಹಾ ಕುದ್ದದ್ದು, ಅದರಲ್ಲಿ ಯಾವ ಹುಳವೂ ಇರುತ್ತಿರಲಿಲ್ಲ. ಕಡೆಗೆ ಬಟ್ಟೆಯಲ್ಲಾದರೂ ಸೋಸಿಕೊಳ್ಳಬಹುದಿತ್ತು.

"ನಿಮ್ಮವ್ವನ ಮುಂದ ಬಟ್ಟಿ ತಗದು ಸೋಸ್ಲೇನ?" ಎಂದರು. ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಆ ಚಾ ಏನಂತ ನನಗ ಗೊತ್ತದ ತಮ್ಮಾ" ಎಂದರು. ಆಮೇಲೆ, ಕುಡಿದವರಿಗೆಲ್ಲ ಬರುವುದಿಲ್ಲ, ಬಂದರೆ ನೋಡೋಣ ಎಂದು ನಕ್ಕರು.

ಆ ವರ್ಷವೆಲ್ಲ ಸರ್ ತಿಂಗಳಿಗೊಮ್ಮೆ ಧಾರವಾಡದಿಂದ ಬಂದು ಬಾವಿಯ ನೀರು ಒಯ್ದರು. ಎರಡನೆಯ ಸಲ ಬಂದಾಗಲೇ ಸೋಸುವ ಮಾತು ತೆಗೆದರು. ಅದಕ್ಕೂ ಮೊದಲು ಅವರು ಮಾಡಿದ ಕೆಲಸ ನನಗೆ ಆಮೇಲೆ ತಿಳಿಯಿತು. ಟಿಕೋಟಾದ ತಮ್ಮ ಮನೆಯಲ್ಲಿ, ಸೇದುವ ಬಾವಿಯ ಒಳ್ಳೆಯ ನೀರಿಗೂ, ತಾಯಿಯನ್ನು ಕಾಡಿ ಬೇಡಿ ಹರವಿಗೆ ಬಟ್ಟೆ ಕಟ್ಟಿಸಿ ಬಂದಿದ್ದರು. ನಮ್ಮ ಮನೆಯಲ್ಲೂ ಕಟ್ಟಿದ್ದೇವೆ ಎಂದು ಕೇರಿಯಲ್ಲಿ ನಿಜವಾಗಿ ಹೇಳಲು ಬರಲಿ ಎಂದು ಅಷ್ಟು ಮಾಡಿದ್ದರು. ಅವ್ವ ತೀರಿಹೋದ ನಮ್ಮಪ್ಪನ ಧೋತರವನ್ನು ಪೆಟ್ಟಿಗೆಯಿಂದ ತೆಗೆದಳು. ಒಂದು ಗಳಿಗೆ ಅದನ್ನು ಹಿಡಿದುಕೊಂಡು ನಿಂತಿದ್ದು, ಆಮೇಲೆ ಹರಿದಳು. ತನ್ನ ಹರವಿಗೆ ಕಟ್ಟಿ ಉಳಿದದ್ದನ್ನು ನೆರೆಮನೆಯವರಿಗೆ ಹಂಚಿದಳು. ದೀಪಾವಳಿಯ ಹೊತ್ತಿಗೆ ಕೇರಿಯಲ್ಲಿ ಬಟ್ಟೆ ಕಟ್ಟದ ಹರವಿ ಇರಲಿಲ್ಲ. ಸರ್ ಬಂದರೆ ಹೆಂಗಸರು ಬಟ್ಟೆಯಲ್ಲಿ ಸಿಕ್ಕಿದ್ದನ್ನು ತೋರಿಸುತ್ತಿದ್ದರು, ಒಕ್ಕಣ್ಣ ಸಿಕ್ಕಾನ ನೋಡ್ರಿ ಎಂದು.

ಅವರ ಲೆಕ್ಕ ಸರಳವಾಗಿತ್ತು. ಪ್ರಬಂಧ ಮುಗಿಸುವುದು, ಪರೀಕ್ಷೆ ಪಾಸಾಗುವುದು. ಆಮೇಲೆ ಆ ಪ್ರಬಂಧ ಹಿಡಿದು ಜಿಲ್ಲೆಯ ಅಧಿಕಾರಿಗಳ ಬಾಗಿಲಿಗೆ ಹೋಗಿ, ಪಾವಟಿಗೆ ಮುಚ್ಚಿಸಿ ಗಡಗಡಿ ಹಾಕಿಸುವುದು. ಹೈಸ್ಕೂಲ್ ಮಾಸ್ತರನ ಮಾತು ಯಾರೂ ಕೇಳುವುದಿಲ್ಲ, ಎಂ.ಎಸ್ಸಿ. ಆದವನದ್ದು ಕೇಳಿಯಾರು ಎಂದು ನಂಬಿದ್ದರು.

ಮರುವರ್ಷ ಯುಗಾದಿಯ ಹೊತ್ತಿಗೆ ಪ್ರಬಂಧ ಬರೆದು ಮುಗಿಯಿತು. ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಓದಲೆಂದು ಸರ್ ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದರು. ನಾನು ಊರಿನಿಂದ ಹೋಗಿ ಬಂದು ಮಾಡುತ್ತಿದ್ದೆ. ಒಂದು ದಿನ ಹೋದರೆ ಸರ್ ಬಲಗಾಲನ್ನು ತಲೆದಿಂಬಿನ ಮೇಲಿಟ್ಟುಕೊಂಡು ಕುಳಿತಿದ್ದರು. ಹಿಮ್ಮಡಿಯ ಮೇಲೆ ಗುಳ್ಳೆ. ನಾನು ನೋಡಿದೆ, ಅವರು ನನ್ನನ್ನು ನೋಡಿದರು. ಕೆಲವು ದಿನಕ್ಕೆ ಗುಳ್ಳೆ ಒಡೆದು ಹುಳ ತಲೆ ಹಾಕಿತು. ಇನ್ನೊಂದು ಗುಳ್ಳೆ ಮೊಣಕಾಲಿನ ಹತ್ತಿರ ಎದ್ದಿತು. ಕಡ್ಡಿಪೆಟ್ಟಿಗೆಯ ಕಡ್ಡಿಗೆ ಹುಳ ಸುತ್ತಿಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದರು. ಜ್ವರದಲ್ಲಿ ಅಕ್ಷರ ಎರಡೆರಡು ಕಾಣುತ್ತವೆ, ನೀನೇ ಓದಿ ಹೇಳು ಎನ್ನುತ್ತಿದ್ದರು.

ಸುದ್ದಿ ಕೇರಿಗೆ ಮುಟ್ಟಲು ತಡವಾಗಲಿಲ್ಲ. ಸೋಸಿ ಕುಡಿಯಿರಿ ಎಂದ ಮಾಸ್ತರನಿಗೇ ನಾರು ಎದ್ದಿದೆ! ಹಾಗಾದರೆ ಬಟ್ಟೆ ಕಟ್ಟಿ ಏನು ಬಂತು? ಒಬ್ಬೊಬ್ಬರಾಗಿ ಬಿಚ್ಚಿದರು. ಒಂದು ಮನೆಯಲ್ಲಿ ಆ ಬಟ್ಟೆಯಿಂದ ಒಲೆಯ ಮೇಲಿನ ಗಡಿಗೆ ಇಳಿಸುತ್ತಿದ್ದದ್ದನ್ನು ನಾನೇ ನೋಡಿದೆ. ಬೇಸಿಗೆ ಹತ್ತುತ್ತಿತ್ತು, ಬಾವಿಯ ತಳ ಕಾಣುತ್ತಿತ್ತು. ಆ ಬೇಸಿಗೆ ಬಟ್ಟೆ ಇಲ್ಲದೆ ಕುಡಿದರೆ ಮುಂದಿನ ಬೇಸಿಗೆಗೆ ಕೇರಿಗೆ ಕೇರಿಯೇ ಹೊರಸಿನ ಮೇಲೆ ಬೀಳುತ್ತಿತ್ತು.

ನಾನು ಓಡಿ ಬಂದು ಸರ್ ಮುಂದೆ ನಿಂತೆ. ಇದು ಬಟ್ಟೆ ಕಟ್ಟುವ ಮೊದಲು ಕುಡಿದ ನೀರಿನಿಂದ ಬಂದದ್ದು ಎಂದು ಹೇಳಿಬಿಡಿ, ನನ್ನ ಮಾತು ಯಾರೂ ನಂಬುವುದಿಲ್ಲ, ನೀವು ಒಂದು ಮಾತು ಹೇಳಿದರೆ ಸಾಕು ಎಂದೆ.

"ಏನಂತ ಹೇಳ್ಲಿ?" ಎಂದರು. "ನಿಮ್ಮವ್ವನ ತಂಬಗ್ಯಾಗಿಂದ ಬಂತು ಅಂತ ಹೇಳ್ಲಿ? ಜಗತ್ತಿನಾಗ ಒಬ್ಬ ಮನಷ್ಯಾ ಆಕೀ ಕೈಯಾನ ನೀರ ಕೇಳಿ ಕುಡದ. ಅವನಿಗೆ ನಾರು ಎದ್ದದ್ದು ಅದರಿಂದನ ಅಂತ ಆಕೀಗೆ ಹೇಳ್ಲಿ?"

ಹಾಗಾದರೆ ಕೇರಿಯ ಗತಿ ಏನು ಎಂದು ಕೂಗಿದೆ. ಪರೀಕ್ಷೆ ಮುಗಿಯಲಿ, ಪಾವಟಿಗೆಯನ್ನೇ ಮುಚ್ಚಿಸುತ್ತೇನೆ, ಬಟ್ಟೆಯ ಹಂಗೇ ಬೇಡ ಎಂದರು. ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ. ನೀನೂ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಬಾಗಿಲು ಬಡಿದು ಹೊರಟುಹೋದೆ. ಗುಡಿಯ ಮುಂದಿನ ಬಳೆ ಅಂಗಡಿಗಳ ಸಾಲಿನಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡಿದೆ. ಅಂಥ ಅಸಹಾಯಕ ಸಿಟ್ಟು ನನಗೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಧಾರವಾಡಕ್ಕೆ ಹೊರಡುವ ದಿನ ಬೆಳಿಗ್ಗೆ ಟ್ರಂಕು ಹಿಡಿದು ಖೋಲಿಗೆ ಹೋದೆ. ಒಂದು ಟಾಂಗಾ ಮಾತಾಡಿ ಬಂದಿದ್ದೆ, ಎತ್ತಿ ಕೂಡಿಸಿಕೊಂಡಾದರೂ ಬಸ್ ನಿಲ್ದಾಣಕ್ಕೆ ಒಯ್ಯುವುದು ಎಂದು. ಸರ್ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಕೈಯಲ್ಲಿ ಕಡ್ಡಿ, ಕಡ್ಡಿಯಿಂದ ಜೋತುಬಿದ್ದ ಬಿಳಿ ದಾರದ ತುಂಡು.

"ಹರೀತು ತಮ್ಮಾ" ಎಂದರು. "ಇವತ್ತ ಹೊರಗ ಬಂದಬಿಡ್ಲಿ ಅಂತ ಎಳದೆ."

ಎಳೆಯಬಾರದು ಎಂದು ಊರೂರಿಗೆ ಹೇಳಿದ ಮನುಷ್ಯ. ಪ್ರಬಂಧದಲ್ಲಿ ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದ ಮನುಷ್ಯ... ನಾನು ಬೈಯಬೇಕೆಂದು ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿಕೊಂಡೆ. ಮಗು ಆಟಿಕೆ ಮುರಿದುಕೊಂಡು ನೋಡುವ ಹಾಗೆ ಆ ಕಡ್ಡಿಯನ್ನು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾಲು ಬಾತುಕೊಂಡು ಮೈ ಕೆಂಡವಾಯಿತು. ಅದೇ ಟಾಂಗಾದಲ್ಲಿ ದವಾಖಾನೆಗೆ ಒಯ್ದೆ. ಅಲ್ಲಿ ಅವರು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು, ಸಂಜೆ ಬಸ್ಸಿಗೆ ನೀನು ಹೋಗು ಎಂದು. ಹೋದೆ.

ಪರೀಕ್ಷೆಯ ಕೋಣೆಯಲ್ಲಿ ನನ್ನ ಪಕ್ಕದ ಮೇಜು ಅವರದ್ದು. ಮೈಕ್ರೋಸ್ಕೋಪು ಇಟ್ಟಿದ್ದರು, ಕುರ್ಚಿ ಇಟ್ಟಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಅವರ ನಂಬರನ್ನು ಕೂಗಿದರು. ಸ್ವಲ್ಪ ತಡೆದು ಮತ್ತೆ ಕೂಗಿದರು. ಆಮೇಲೆ ಕೆಂಪು ಪೆನ್ನು ತೆಗೆದು ಏನೋ ಗೀಚಿ ಮುಂದಿನ ನಂಬರಿಗೆ ಹೋದರು. ಅಷ್ಟೇ.

ನಾನು ತಿರುಗಿ ಬಂದಾಗ ಸರ್ ಖೋಲಿಗೆ ಮರಳಿದ್ದರು. ಕಾಲು ಉಳಿದಿತ್ತು, ಮೊಣಕಾಲು ಮಡಚಿಕೊಂಡೇ ಸೆಟೆದಿತ್ತು. ಪ್ರಾಯೋಗಿಕ ತಪ್ಪಿಸಿದವರು ಮತ್ತೆ ಒಂದು ವರ್ಷ ಕೂತು ಹಾಜರಿ ಕೊಡಬೇಕು ಎಂದು ವಿಭಾಗದಲ್ಲಿ ನನಗೆ ಹೇಳಿದ್ದರು. ಶಾಲೆಯವರು ಇನ್ನೊಂದು ರಜೆ ಕೊಡುವುದಿಲ್ಲ. ಎರಡನ್ನೂ ಅವರಿಗೆ ಹೇಳಿದೆ. ಸರ್ ದೊಡ್ಡ ಮನುಷ್ಯರು, ತ್ಯಾಗಿ, ಎಲ್ಲವನ್ನೂ ನಕ್ಕು ತಡೆದುಕೊಂಡರು ಎಂದು ಬರೆಯಲು ನನಗೂ ಆಸೆ. ಹಾಗೆ ಆಗಲಿಲ್ಲ. ಆ ಪದವಿಗಾಗಿ ಅವರು ಬಿಕ್ಕಿ ಬಿಕ್ಕಿ ಅತ್ತರು. ನಲವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವ್ವ ನನ್ನನ್ನು ಏನೂ ಕೇಳಿರಲಿಲ್ಲ. ಮರುದಿನ ತಾನೇ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು, ನನ್ನನ್ನು ವಿಜಾಪುರಕ್ಕೆ ಕರೆದುಕೊಂಡು ಹೋಗು ಎಂದಳು. ಖೋಲಿಯ ಹೊಸ್ತಿಲ ಹೊರಗೆ ಕುಳಿತಳು. ಸರ್ ಒಳಗೆ ಬರ್ರಿ ಎಂದು ಎರಡು ಸಲ ಹೇಳಿದ ಮೇಲೆ ಒಳಗೆ ಬಂದು ಹೊರಸಿನ ಕಾಲ ಹತ್ತಿರ ಕುಳಿತಳು. ಅವರ ಕಾಲನ್ನು ಬಹಳ ಹೊತ್ತು ನೋಡಿದಳು.

"ವರ್ಷಕ್ಕ ಹೊರಗ ಬರ್ತದ ಅಂತ ನೀವ ಹೇಳಿದ್ರಿ" ಎಂದಳು. "ಹ್ವಾದ ವರ್ಷ ಯುಗಾದಿ ಆದಮ್ಯಾಲ ನೀವು ಬಂದದ್ದು. ಅದು ನಮ್ಮನಿ ನೀರ ಅಲ್ಲೇನ್ರಿ?"

ಸರ್ ತಕ್ಷಣ, ಅಲ್ಲ, ಟಿಕೋಟಾದಲ್ಲಿ ಎಲ್ಲೋ ಕುಡಿದದ್ದು ಎಂದರು.

"ನಿಮ್ಮೂರಾಗ ನಿಮ್ಮದು ಸೇದೂ ಬಾವಿ. ಸೇದೂ ಬಾವ್ಯಾಗ ನಾರು ಇರೂದಿಲ್ಲ ಅಂತನೂ ನೀವ ಹೇಳಿದ್ರಿ."

ಸರ್ ತಲೆ ತಗ್ಗಿಸಿದರು. ಕಲಿಸಿದ್ದನ್ನು ಇಷ್ಟು ಸರಿಯಾಗಿ ಒಪ್ಪಿಸಿದ ವಿದ್ಯಾರ್ಥಿ ಅವರಿಗೆ ಬೇರೆ ಸಿಕ್ಕಿರಲಾರ.

"ಚಾ ತರಿಸ್ತೀನಿ ಅಂದಿದ್ನಲ್ರಿ ನಾ. ಚಾ ಕುಡದು ಹೋಗಬಾರದಿತ್ತ?"

"ಚಾ ಕುಡದು ಹೋಗಿದ್ರ" ಎಂದರು ಸರ್, "ಇವತ್ತ ನೀವು ಈ ಹೊಸ್ತಲಾ ದಾಟಿ ಬಂದು ಕೂಡ್ತಿದ್ದಿಲ್ಲ ಅವ್ವಾರ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಗಂಟು ಬಿಚ್ಚಿ ರೊಟ್ಟಿ ಬಡಿಸಿದಳು. ಸರ್ ಪೂರ್ತಿ ತಿಂದರು.

ಅವತ್ತು ಸಂಜೆ ಊರಿಗೆ ಮರಳಿದವಳು ಮನೆಗೆ ಬರಲಿಲ್ಲ, ಸೀದಾ ಬಾವಿಗೆ ಹೋದಳು. ಹೆಂಗಸರೆಲ್ಲ ಕೊಡ ತುಂಬುವ ಹೊತ್ತು. ಮೇಲಿನ ಪಾವಟಿಗೆಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಮಾಸ್ತರಗ ನಾರು ಬಂದದ್ದು ನನ್ನ ಕೈಯಾನ ನೀರಿನಿಂದ. ಸೋಸಲಾರದ ನೀರ ಕೊಟ್ಟೆ ನಾ. ತಪ್ಪು ಬಟ್ಟೀದಲ್ಲ, ನಂದು." ಹಿಂದಿನಿಂದ ಆಡಿಕೊಂಡವರು ಇದ್ದರು. ಮಾಸ್ತರನ ಕಾಲು ತಿಂದವಳು ಎಂದು ಜಗಳದಲ್ಲಿ ಅವಳನ್ನು ಬೈದವರೂ ಇದ್ದರು. ಆದರೆ ಹರವಿಗಳಿಗೆ ಬಟ್ಟೆ ಮತ್ತೆ ಬಂತು. ಮುಂದಿನ ಬೇಸಿಗೆ ಕೇರಿಯಲ್ಲಿ ಹೊರಸು ಹಿಡಿದವರು ಬಹಳ ಕಡಿಮೆ.

ನಾನು ಪಾಸಾದೆ. ಅಂಕಪಟ್ಟಿ ತೋರಿಸಲು ಟಿಕೋಟಾಕ್ಕೆ ಹೋದಾಗ ಸರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚಲೋ ಆತು ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಅವರಿಗೆ ಬಾಯಿಮಾತು ಕೊಟ್ಟಿದ್ದ ಕಾಲೇಜಿನಲ್ಲೇ ನನಗೆ ಕೆಲಸ ಸಿಕ್ಕಿತು. ಅವರೇ ಹೋಗು ಎಂದು ಒತ್ತಾಯ ಮಾಡಿದರು. ತಾವು ಬಡಿಗೆ ಊರಿಕೊಂಡು ಅದೇ ಹೈಸ್ಕೂಲಿಗೆ, ಅದೇ ಒಂದು ಮೈಕ್ರೋಸ್ಕೋಪಿಗೆ ಮರಳಿದರು. ಪ್ರಬಂಧ ಪೆಟ್ಟಿಗೆಯಲ್ಲಿ ಉಳಿಯಿತು, ಯಾರೂ ಓದಲಿಲ್ಲ. ನಾನು ಭೇಟಿಯಾದಾಗಲೆಲ್ಲ ಬಾವಿಯ ಸುದ್ದಿ ಕೇಳುತ್ತಿದ್ದರು, ಓದಿನ ಸುದ್ದಿ ತೆಗೆದರೆ ಬೇರೆ ಮಾತು ಹಾಕುತ್ತಿದ್ದರು. ಕೆಲವು ವರ್ಷದ ಮೇಲೆ ಸರಕಾರದವರು ಬಂದು ಪಾವಟಿಗೆ ಮುಚ್ಚಿ, ಕೇರಿಗೆ ಕೈಪಂಪು ಹಾಕಿಸಿದರು. ಅದನ್ನು ನೋಡಲು ಸರ್ ಇರಲಿಲ್ಲ.

ಅವರು ಹೋದ ಸುದ್ದಿ ನನಗೆ ತಡವಾಗಿ ಮುಟ್ಟಿತು. ಅವ್ವ ನನಗಿಂತ ಮೊದಲೇ ಒಬ್ಬಳೇ ಬಸ್ಸು ಹತ್ತಿ ಟಿಕೋಟಾಕ್ಕೆ ಹೋಗಿದ್ದಳು. ನಾನು ಹೋದಾಗ ಆ ದೊಡ್ಡ ಮನೆಯ ಎದುರು, ಬೀದಿಯ ಆಚೆ ಬದಿಯ ಬೇವಿನ ಗಿಡದ ಕೆಳಗೆ ಕುಳಿತಿದ್ದಳು. ಬೆಳಗಿನಿಂದ ಅಲ್ಲೇ ಕುಳಿತಿದ್ದಳಂತೆ. ನೀರು ಬೇಕಾ ಎಂದು ಆ ಮನೆಯಿಂದ ಯಾರೂ ಅವಳನ್ನು ಕೇಳಿರಲಿಲ್ಲ.

ಈಗ ಅವ್ವನೂ ಇಲ್ಲ. ನಾರು ಈ ದೇಶದಲ್ಲೇ ಇಲ್ಲ. ನಲ್ಲಿಗೆ ಬಟ್ಟೆ ಕಟ್ಟುವ ಅಗತ್ಯವೂ ಇಲ್ಲ. ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಅದು ಗೊತ್ತಿಲ್ಲದೆ ಇಲ್ಲ. ರಿಪೇರಿಯಾತ ಹೋದ ಮೇಲೆ ಬಟ್ಟೆಯನ್ನು ಹಿಂಡಿ ಮತ್ತೆ ನಲ್ಲಿಗೆ ಕಟ್ಟಿದೆ.

ನಮ್ಮದು ನೌಕರದಾರರ ಕಾಲೊನಿ, ಓದಿದವರೇ ಎಲ್ಲ. ಸಂಜೆ ಯಾರಾದರೂ ಬರುತ್ತಾರೆ, ಒಳ್ಳೆಯ ಮಾತಾಡುತ್ತಾರೆ. ಸೊಸೆ ಕುಡಿಯಲು ಏನು ತರಲಿ ಎಂದು ಕೇಳಿದರೆ, ಈಗಷ್ಟೇ ಮನೆಯಲ್ಲಿ ಕುಡಿದು ಬಂದೆವು ಎನ್ನುತ್ತಾರೆ. ಕೆಲವರು ತಮ್ಮ ಬಾಟಲಿ ತಾವೇ ತಂದಿರುತ್ತಾರೆ. ಅವರು ಎದ್ದು ಹೋದ ಮೇಲೆ ನನಗೆ ಸರ್ ಮೇಲಿನ ಸಿಟ್ಟು ಮತ್ತೆ ಏರುತ್ತದೆ. ಅವತ್ತು ಅವರು ಚಹಾ ಕುಡಿದಿದ್ದರೆ ಕಾಲೂ ನೆಟ್ಟಗಿರುತ್ತಿತ್ತು, ಪದವಿಯೂ ಸಿಗುತ್ತಿತ್ತು, ನಾನು ಇಷ್ಟು ವರ್ಷ ಹೀಗೆ ಕಾಯುತ್ತಲೂ ಇರಲಿಲ್ಲ. ನಮ್ಮ ಮನೆಗೆ ಬಂದು, ಬಾಯಿಬಿಟ್ಟು, ನೀರು ಕೊಡಿ ಎಂದು ಕೇಳಿದವರು ನನ್ನ ಆಯುಷ್ಯದಲ್ಲಿ ಅವರೊಬ್ಬರೇ.